ಮಲೆನಾಡಿನ ಮಣ್ಣು ಮತ್ತು ಹಸುಗೂಸಿನ ನಂಜು: ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಹಿನ್ನೆಲೆಯಲ್ಲಿ ಒಂದು ಐತಿಹಾಸಿಕ ವಿಚಾರ

೧. ಪೀಠಿಕೆ

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳು ಕರ್ಣಾಟಕದ ರಾಜಕೀಯ ಚರಿತ್ರೆಯಲ್ಲಿ ಸುಪರಿಚಿತವಾದ ಪ್ರದೇಶಗಳು. ಕೆಳದಿ ಮತ್ತು ಇಕ್ಕೇರಿಗಳು ಸಾಗರಕ್ಕೂ, ಬಿದನೂರು ಎಂಬ ಹಳೆಯ ಹೆಸರಿನ ನಗರವು ಹೊಸನಗರಕ್ಕೂ, ಕವಲೇದುರ್ಗವು ತೀರ್ಥಹಳ್ಳಿಗೂ ಸೇರಿವೆ. ೧೭೬೩ರಲ್ಲಿ ಹೈದರಾಲಿಯು ಬಿದನೂರನ್ನು ವಶಪಡಿಸಿಕೊಂಡವರೆಗಿನ ನಾಯಕ ಅರಸರ ವೃತ್ತಾಂತವನ್ನು ವಿದ್ವಾಂಸರು ಸಾಕಷ್ಟು ವಿಸ್ತಾರವಾಗಿ ಬರೆದಿದ್ದಾರೆ. ಆದರೆ ಆ ಕೋಟೆಗಳ ಆಸುಪಾಸಿನ ಗುಡಿಸಲುಗಳಲ್ಲಿ ಹುಟ್ಟಿದ ಕೂಸುಗಳು ಏಕೆ ಉಳಿದವು, ಏಕೆ ಅಳಿದವು ಎಂಬುದೂ ಚರಿತ್ರೆಯ ಪ್ರಶ್ನೆಯೇ ಆಗಿದೆ. ಈ ಪ್ರಶ್ನೆಗೆ ನಮ್ಮಲ್ಲಿ ಸಲ್ಲಬೇಕಾದಷ್ಟು ಗಮನ ಸಂದಿಲ್ಲ.

ನವಜಾತ ಶಿಶುವಿನ ಮರಣಕ್ಕೆ ಮುಖ್ಯ ಕಾರಣಗಳು ಮೂರು: ಅಕಾಲ ಜನನ, ಹುಟ್ಟುವಾಗ ಉಸಿರು ಕಟ್ಟುವುದು, ಮತ್ತು ಸೋಂಕು. ಇವುಗಳಲ್ಲಿ ಕೊನೆಯದು ರಕ್ತಕ್ಕೆ ವ್ಯಾಪಿಸಿದಾಗ ಅದನ್ನು ನಾವು ಈ ಲೇಖನದಲ್ಲಿ ರಕ್ತನಂಜು ಎಂದು ಕರೆಯುತ್ತೇವೆ. ತಾಯಿಯ ಮತ್ತು ಶಿಶುವಿನ ದೇಹದಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಕಬ್ಬಿಣ, ಸತು, ಸೆಲೆನಿಯಮ್ ಮೊದಲಾದ ಸೂಕ್ಷ್ಮ ಖನಿಜಗಳ ಕೊರತೆಯು ಈ ನಂಜಿಗೆ ದಾರಿಮಾಡಿಕೊಡುತ್ತದೆಯೇ ಎಂಬ ವಿಚಾರವನ್ನು ವೈದ್ಯರು ಕೆಲವು ದಶಕಗಳಿಂದ ಚರ್ಚಿಸುತ್ತಿದ್ದಾರೆ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ಣಾಟಕದ ಗರ್ಭಿಣಿಯರಲ್ಲಿ ಶೇಕಡ ೪೫.೭ ಮಂದಿ ರಕ್ತಹೀನರು. ಬದುಕಿ ಹುಟ್ಟಿದ ಪ್ರತಿ ೧,೦೦೦ ಶಿಶುಗಳಲ್ಲಿ ಸುಮಾರು ೧೬ ಶಿಶುಗಳು ಮೊದಲ ತಿಂಗಳಿನಲ್ಲಿಯೇ ತೀರಿಕೊಳ್ಳುತ್ತವೆ. ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ಒಂದು ಮತ್ತೊಂದಕ್ಕೆ ಕಾರಣವೆಂದು ಹೇಳಿಬಿಡುವುದು ಸುಲಭ. ಆದರೆ ಅಂತಹ ತೀರ್ಮಾನಕ್ಕೆ ಏನು ಆಧಾರ ಬೇಕು ಎಂಬುದೇ ನಮ್ಮ ವಿಚಾರದ ವಿಷಯ.

ನಾವು ವೈದ್ಯರಲ್ಲ, ಔಷಧವನ್ನು ಸೂಚಿಸುವುದು ಈ ಲೇಖನದ ಉದ್ದೇಶವೂ ಅಲ್ಲ. ಒಂದು ನಾಡಿನ ರೋಗಕ್ಕೆ ಕಾರಣವನ್ನು ಮಣ್ಣಿನಲ್ಲಿ ಮತ್ತು ಆಹಾರದಲ್ಲಿ ಹುಡುಕುವ ಕ್ರಮವು ಮೇಲ್ಕಂಡ ಮೂರು ತಾಲ್ಲೂಕುಗಳಲ್ಲಿ ಹಿಂದೆ ಯಾವ ರೀತಿ ನಡೆಯಿತು, ಅದರಿಂದ ಹಸುಗೂಸಿನ ವಿಷಯದಲ್ಲಿ ನಾವು ಕಲಿಯಬೇಕಾದುದೇನು ಎಂಬುದನ್ನು ಸಂಗ್ರಹವಾಗಿ ನಿರೂಪಿಸುವುದಷ್ಟೇ ನಮ್ಮ ಪ್ರಯತ್ನ.

೨. ನೆಲದ ಸ್ವರೂಪ

ಈ ಪ್ರದೇಶದ ಮಣ್ಣಿನ ವಿಷಯವನ್ನು ಮೊದಲು ಹೇಳಬೇಕು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ೭,೦೦೦ ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುತ್ತದೆ. ಹೊಸನಗರದ ಹುಲಿಕಲ್ಲು ಘಟ್ಟದ ಮಳೆಯೂ ಪ್ರಸಿದ್ಧವಾದುದೇ. ಸಾವಿರಾರು ವರ್ಷಗಳ ಇಂತಹ ಮಳೆಯು ಮಣ್ಣಿನಲ್ಲಿ ಕರಗುವ ಸಾರವನ್ನೆಲ್ಲ ತೊಳೆದು ಹೊಳೆಗೆ ಸೇರಿಸಿ, ಕರಗದ ಕಬ್ಬಿಣ ಮತ್ತು ಅಲ್ಯೂಮಿನಿಯಮ್ ಆಕ್ಸೈಡುಗಳನ್ನು ಮಾತ್ರ ಉಳಿಸಿದೆ. ಹೀಗೆ ಉಂಟಾದುದೇ ಜಂಬಿಟ್ಟಿಗೆ. ಅಗೆಯುವಾಗ ಮೆತ್ತಗಿದ್ದು ಗಾಳಿ ಬಿಸಿಲುಗಳಿಗೆ ಗಟ್ಟಿಯಾಗುವ ಈ ಕೆಂಪು ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರನ್ನಿಟ್ಟವನು ಫ್ರಾನ್ಸಿಸ್ ಬುಕಾನನ್. ಈತನು ೧೮೦೧ರಲ್ಲಿ ನಗರ, ಇಕ್ಕೇರಿಗಳ ಸೀಮೆಯಲ್ಲಿ ಸಂಚರಿಸಿದ್ದನು. ೧೮೦೭ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ, ಮಲಬಾರಿನ ಅಂಗಡಿಪುರದಲ್ಲಿ ಕಂಡ ಕಲ್ಲನ್ನು ವರ್ಣಿಸುವ ಸಂದರ್ಭದಲ್ಲಿ, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಈ ಹೆಸರನ್ನು ರೂಪಿಸಿದನು.

ಅಡಕೆ ತೋಟದ ಬೇಸಾಯಗಾರರಿಗೆ ಈ ಮಣ್ಣಿನ ದೌರ್ಬಲ್ಯವು ಬಹು ಕಾಲದಿಂದ ತಿಳಿದಿತ್ತು. ಸೊಪ್ಪಿನ ಬೆಟ್ಟದಿಂದ ಸೊಪ್ಪು ತಂದು ತೋಟಕ್ಕೆ ಹಾಕುವುದೂ, ಕೆಲವು ವರ್ಷಗಳಿಗೊಮ್ಮೆ ಹೊಸಮಣ್ಣು ಹೊತ್ತು ಮರದ ಬುಡಕ್ಕೆ ಸುರಿಯುವುದೂ ಮಳೆ ತೊಳೆದೊಯ್ದ ಸಾರವನ್ನು ಹಿಂದಕ್ಕೆ ತರುವ ಉಪಾಯಗಳು. ನೆಲದಲ್ಲಿ ಕಬ್ಬಿಣಕ್ಕೆ ಕೊರತೆಯೇನೂ ಇರಲಿಲ್ಲ. ಕೆಮ್ಮಣ್ಣುಗುಂಡಿಯ ಅದುರನ್ನು ಆಧಾರವಾಗಿಟ್ಟುಕೊಂಡು ಭದ್ರಾವತಿಯ ಕಬ್ಬಿಣದ ಕಾರ್ಖಾನೆ ೧೯೨೩ರಲ್ಲಿ ಕೆಲಸವಾರಂಭಿಸಿತು. ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ದಾರಿಯ ಕುಂಸಿಯಲ್ಲಿ ಮ್ಯಾಂಗನೀಸ್ ಗಣಿಗಳು ೨೦ನೆಯ ಶತಮಾನದ ಮೊದಲ ವರ್ಷಗಳಲ್ಲಿಯೇ ನಡೆಯತೊಡಗಿದ್ದುವು. ಹೀಗೆ ಗಣಿಯ ದೃಷ್ಟಿಯಿಂದ ಸಂಪನ್ನವಾದ ಸೀಮೆಯಲ್ಲಿ ದೇಹದ ದೃಷ್ಟಿಯಿಂದ ಬಡತನವಿರುವುದು ಹೇಗೆ ಎಂಬ ಪ್ರಶ್ನೆಯನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಇದಕ್ಕೆ ನಾಲ್ಕನೆಯ ಭಾಗದಲ್ಲಿ ಉತ್ತರ ಹೇಳುತ್ತೇವೆ.

೩. ಕಾರಣಶೋಧನೆಯ ಮೂರು ನಿದರ್ಶನಗಳು

ಒಂದು ಸ್ಥಳಕ್ಕೇ ಅಂಟಿಕೊಂಡ ರೋಗವನ್ನು ಕಂಡಾಗ ವಿಚಾರವಂತರು ಸಾಮಾನ್ಯವಾಗಿ ಮೂರು ಕಡೆ ಕಾರಣವನ್ನು ಹುಡುಕುತ್ತಾರೆ: ಮಣ್ಣು, ಕ್ರಿಮಿ, ವಂಶ. ಈ ಮೂರಕ್ಕೂ ಒಂದೊಂದು ಉತ್ತಮ ನಿದರ್ಶನವಿದೆ. ಮೊದಲನೆಯದು ಹೊರನಾಡಿನದು, ಉಳಿದೆರಡು ನಮ್ಮ ಮಲೆನಾಡಿನವೇ.

ಮಣ್ಣಿನ ನಿದರ್ಶನವು ಗಳಗಂಡ. ಅಯೊಡೀನಿನ ಕೊರತೆಯಿಂದ ಕುತ್ತಿಗೆಯ ಗ್ರಂಥಿ ಊದುವ ಈ ರೋಗವು ಹಿಮಾಲಯದ ತಪ್ಪಲಿನಲ್ಲಿ ಬಹು ವ್ಯಾಪಕವಾಗಿತ್ತು. ನಮ್ಮ ಚಿಕ್ಕಮಗಳೂರು, ಕೊಡಗುಗಳಲ್ಲಿಯೂ ಕಂಡುಬಂದಿದೆ. ೧೯೫೬ರಲ್ಲಿ ವಿ. ರಾಮಲಿಂಗಸ್ವಾಮಿಯವರು ಮತ್ತು ಸಹೋದ್ಯೋಗಿಗಳು ಕಾಂಗ್ರಾ ಕಣಿವೆಯನ್ನು ಮೂರು ವಿಭಾಗಗಳಾಗಿ ವಿಂಗಡಿಸಿ, ಎರಡು ವಿಭಾಗಗಳಿಗೆ ಅಯೊಡೀನ್ ಬೆರೆಸಿದ ಉಪ್ಪನ್ನೂ ನಡುವಣ ವಿಭಾಗಕ್ಕೆ ಸಾಧಾರಣ ಉಪ್ಪನ್ನೂ ಒದಗಿಸಿದರು. ಕೆಲವು ವರ್ಷಗಳ ಬಳಿಕ ಮೊದಲಿನ ಎರಡರಲ್ಲಿ ಗಳಗಂಡವು ಗಣನೀಯವಾಗಿ ಇಳಿಯಿತು. ನಡುವಣ ವಿಭಾಗದಲ್ಲಿ ಇಳಿಯಲಿಲ್ಲ. ಅನಂತರ ಅಲ್ಲಿಗೂ ಅಯೊಡೀನ್ ಉಪ್ಪನ್ನು ಕೊಟ್ಟಾಗ ಅಲ್ಲಿಯೂ ಇಳಿಯಿತು. ೧೯೬೨ರಲ್ಲಿ ಆರಂಭವಾದ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮಕ್ಕೆ ಈ ಶೋಧನೆಯು ಆಧಾರವಾಯಿತು. ಕಾಣೆಯಾದ ಖನಿಜವನ್ನು ಕೊಟ್ಟು, ಕೊಡದವರೊಡನೆ ಹೋಲಿಸಿ, ರೋಗವು ಹೋಗುವುದನ್ನು ತೋರಿಸುವುದೇ ಖನಿಜವಾದಕ್ಕೆ ತಕ್ಕ ಪ್ರಮಾಣ.

ಕ್ರಿಮಿಯ ನಿದರ್ಶನವು ಕ್ಯಾಸನೂರು ಕಾಡಿನ ಕಾಯಿಲೆ. ಸಾಗರದ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ೧೯೫೭ರಲ್ಲಿ ಮಂಗಗಳು ಸತ್ತುಬಿದ್ದುವು. ಕಾಡಿಗೆ ಹೋಗಿಬಂದ ಜನರಿಗೆ ತೀವ್ರವಾದ ಜ್ವರ ಬಂದಿತು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಅದೇ ವರ್ಷ ವೈರಾಣುವನ್ನು ಬೇರ್ಪಡಿಸಿ, ಉಣ್ಣೆಗಳು ಅದನ್ನು ಹರಡುತ್ತವೆಂಬುದನ್ನು ತೋರಿಸಿದರು. ಮಂಗನ ಕಾಯಿಲೆಯೆಂದು ಹೆಸರಾದ ಈ ರೋಗವು ೨೦೧೮-೧೯ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಉಲ್ಬಣಿಸಿ ಹಲವರ ಪ್ರಾಣವನ್ನು ತೆಗೆದುಕೊಂಡಿತು. ಕಾರಣ ತಿಳಿದ ಮಾತ್ರಕ್ಕೆ ರೋಗವು ಅಳಿಯುವುದಿಲ್ಲವೆಂಬುದಕ್ಕೂ ಇದು ಸಾಕ್ಷಿ.

ಮೂರನೆಯದಾದ ಹಂದಿಗೋಡು ರೋಗದ ವೃತ್ತಾಂತವು ನಮ್ಮ ವಿಷಯಕ್ಕೆ ಅತ್ಯಂತ ಸಮೀಪವಾದುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇವೆ. ಸಾಗರ ಪಟ್ಟಣಕ್ಕೆ ಹತ್ತಿರದ ಹಂದಿಗೋಡಿನಲ್ಲಿ ೧೯೭೪-೭೫ರ ಸುಮಾರಿನಲ್ಲಿ ಸೊಂಟ ಮತ್ತು ಮೊಣಕಾಲುಗಳ ಕೀಲುನೋವಿನಿಂದ ನಡೆಯಲಾರದವರಾದ ಅನೇಕ ಕೃಷಿಕಾರ್ಮಿಕರು ಬೆಳಕಿಗೆ ಬಂದರು. ಕೆಲವರ ಎತ್ತರವೇ ಕುಗ್ಗಿತ್ತು. ಅನಂತರ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಮತ್ತು ಚಿಕ್ಕಮಗಳೂರು ಜಿಲ್ಲೆಯ ಬೇರೆ ಹಳ್ಳಿಗಳಲ್ಲಿಯೂ ಇಂಥವರು ಕಂಡುಬಂದರು. ರೋಗಿಗಳಲ್ಲಿ ಬಹುತೇಕ ಎಲ್ಲರೂ ಚನ್ನಂಗಿ ಮತ್ತು ಛಲವಾದಿ ಸಮುದಾಯಗಳ ಬಡವರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಸ್ಥಳ ಪರಿಶೀಲನೆ ಮಾಡಿದರು. ಕೃಷ್ಣಮಾಚಾರಿ ಮತ್ತು ಭಟ್ಟರ ಲೇಖನವೊಂದು ೧೯೭೮ರಲ್ಲಿ ಪ್ರಕಟವಾಯಿತು. ಅದರಲ್ಲಿ ಈ ರೋಗಕ್ಕೆ ಮಲೆನಾಡಿನ ಕೌಟುಂಬಿಕ ಸಂಧಿವಾತವೆಂಬ ಅರ್ಥದ ಹೆಸರನ್ನು ಕೊಟ್ಟಿದ್ದರು.

ಆಗ ಎಲ್ಲರ ಗಮನವೂ ಆಹಾರದ ಕಡೆಗೆ ಹರಿಯಿತು. ಗದ್ದೆಯ ಏಡಿಯನ್ನು ಈ ಜನ ತಿನ್ನುತ್ತಿದ್ದರು. ಹೆಚ್ಚು ಇಳುವರಿಯ ಭತ್ತದ ತಳಿಗಳೊಡನೆ ಕೀಟನಾಶಕಗಳು ಗದ್ದೆಗೆ ಬಂದಿದ್ದುವು. ಆದುದರಿಂದ ವಿಷವುಂಡ ಏಡಿಯೇ ಕಾರಣವಿರಬೇಕೆಂಬ ಊಹೆ ಹಬ್ಬಿತು. ಊಹೆಯು ಅಸಂಗತವಾದುದೇನಲ್ಲ. ಆದರೆ ಊಹೆಯು ಊಹೆಯಾಗಿ ಉಳಿಯದೆ ಜನರ ಮಾತಿನಲ್ಲಿ ನಿಶ್ಚಯವಾಯಿತು. ಬಡವರು ತಿಂದ ಏಡಿಯೇ ಅವರಿಗೆ ಮುಳುವಾಯಿತೆಂಬ ಕಥೆ ನಿಂತಿತು. ಲಕ್ನೋದ ಸಂಜಯಗಾಂಧಿ ಸ್ನಾತಕೋತ್ತರ ವೈದ್ಯವಿಜ್ಞಾನ ಸಂಸ್ಥೆಯ ಅಗರವಾಲರು ಮತ್ತು ಅವರ ಜೊತೆಗಾರರು ರೋಗಿಗಳ ಎಲುಬುಗಳ ಕ್ಷ-ಕಿರಣ ಚಿತ್ರಗಳನ್ನು ಪರಿಶೀಲಿಸಿ ೧೯೯೪ರಲ್ಲಿ ಬರೆದ ಲೇಖನವು ಬೇರೆ ತೀರ್ಮಾನಕ್ಕೆ ಬಂದಿತು. ಇದು ಬೆನ್ನೆಲುಬು ಮತ್ತು ಕೀಲೆಲುಬುಗಳ ಬೆಳವಣಿಗೆಯಲ್ಲಿನ ದೋಷ, ತಂದೆತಾಯಿಗಳಲ್ಲಿ ಒಬ್ಬರಿಂದ ಬಂದರೂ ಮಕ್ಕಳಲ್ಲಿ ಪ್ರಕಟವಾಗಬಲ್ಲ ವಂಶಾನುಗತ ದೋಷ ಎಂಬುದು ಅವರ ಮತ.

ಈ ಸಂದರ್ಭದಲ್ಲಿ ದಕ್ಷಿಣ ಆಫ್ರಿಕದ ಮ್ಸೆಲೇನಿ ಎಂಬ ಸ್ಥಳದ ಕೀಲುರೋಗವನ್ನೂ ಹೆಸರಿಸಬೇಕು. ಲಕ್ಷಣಗಳಲ್ಲಿ ಅದು ಹಂದಿಗೋಡಿನ ರೋಗವನ್ನು ಹೋಲುವುದರಿಂದ ಎರಡೂ ಒಂದೆಯೇ ಎಂಬ ಪ್ರಶ್ನೆಯನ್ನು ವಿದ್ವಾಂಸರು ೧೯೯೭ರಲ್ಲಿ ಎತ್ತಿದರು. ಅದಕ್ಕೆ ಮ್ಯಾಂಗನೀಸ್ ಎಂಬ ಸೂಕ್ಷ್ಮ ಖನಿಜದ ಕೊರತೆ ಕಾರಣವಿರಬಹುದೇ ಎಂದು ಅಲ್ಲಿಯ ಸಂಶೋಧಕರು ೧೯೮೧ರಲ್ಲಿ ಸಂಶಯಾರ್ಥಕವಾಗಿ ಸೂಚಿಸಿದ್ದರು. ಗಳಗಂಡಕ್ಕೆ ದೊರೆತ ಪ್ರಮಾಣವು ಈ ಸೂಚನೆಗೆ ದೊರೆಯಲಿಲ್ಲ. ಒಂದೇ ಊರಿನ ಜನ ಒಂದೇ ಮಣ್ಣಿನಲ್ಲಿ ಬೆಳೆದುದನ್ನು ಉಣ್ಣುತ್ತಾರೆ. ಅದೇ ಜನ ಅನೇಕ ವೇಳೆ ಒಂದೇ ವಂಶದವರೂ ಆಗಿರುತ್ತಾರೆ, ಒಂದೇ ಬಡತನದಲ್ಲಿಯೂ ಇರುತ್ತಾರೆ. ಈ ಮೂರನ್ನು ಬಿಡಿಸಿ ನೋಡದೆ ಸ್ಥಳವನ್ನು ಮಾತ್ರ ನೋಡಿದರೆ ಮಣ್ಣೇ ಅಪರಾಧಿಯಾಗಿ ಕಾಣುತ್ತದೆ. ಹಂದಿಗೋಡಿನಿಂದ ನಾವು ಕಲಿಯಬೇಕಾದ ಪಾಠವು ಇದು.

೪. ಕಬ್ಬಿಣದ ನೆಲದಲ್ಲಿ ರಕ್ತಹೀನತೆ

ಹಸುಗೂಸಿನ ನಂಜಿನ ವಿಷಯವು ಮೇಲಿನ ಮೂರಕ್ಕಿಂತ ತೊಡಕಾದುದು. ನಂಜನ್ನು ಉಂಟುಮಾಡುವುದು ಕ್ರಿಮಿ. ಅದನ್ನು ಎದುರಿಸುವ ಶಕ್ತಿಗೆ ಖನಿಜ ಬೇಕು. ಆ ಖನಿಜವು ತಾಯಿಯಿಂದ ಬರಬೇಕು. ಆದುದರಿಂದ ಮೊದಲು ತಾಯಿಯ ವಿಷಯವನ್ನು ನೋಡೋಣ.

ಜಂಬಿಟ್ಟಿಗೆಯಲ್ಲಿರುವ ಕಬ್ಬಿಣವು ನೀರಿನಲ್ಲಿ ಕರಗದ ಆಕ್ಸೈಡ್. ಅದು ಕರುಳಿನಲ್ಲಿಯೂ ಸುಲಭವಾಗಿ ಹೀರಲ್ಪಡುವುದಿಲ್ಲ. ಗರ್ಭಿಣಿಯರು ಮಣ್ಣನ್ನು ಬಯಸಿ ತಿನ್ನುವ ವಾಡಿಕೆಯು ಪ್ರಾಚೀನವಾದುದು. ಕಾಳಿದಾಸನು ರಘುವಂಶದ ಮೂರನೆಯ ಸರ್ಗದಲ್ಲಿ ಸುದಕ್ಷಿಣೆಯ ಬಯಕೆಯನ್ನು ಹೇಳುವಾಗ ಅದನ್ನು ಸ್ಮರಿಸಿದ್ದಾನೆ. ಇಂದಿನ ವೈದ್ಯರು ಈ ಬಯಕೆಯನ್ನು ಅನೇಕ ವೇಳೆ ರಕ್ತಹೀನತೆಯ ಲಕ್ಷಣವೆಂದು ಎಣಿಸುತ್ತಾರೆ. ಆದರೆ ಮಣ್ಣು ತಿಂದುದರಿಂದ ಕೊರತೆ ತುಂಬುವುದಿಲ್ಲ. ಕೆಲವು ಬಗೆಯ ಜೇಡಿಮಣ್ಣು ಆಹಾರದಲ್ಲಿರುವ ಅಲ್ಪಸ್ವಲ್ಪ ಕಬ್ಬಿಣವನ್ನೂ ತಡೆಹಿಡಿಯುತ್ತದೆ.

ಎರಡನೆಯದಾಗಿ, ಅಕ್ಕಿಯನ್ನೇ ಮುಖ್ಯವಾಗಿ ಅವಲಂಬಿಸಿದ ಊಟದಲ್ಲಿ ಕಬ್ಬಿಣ ಮತ್ತು ಸತುಗಳ ಅಂಶ ಕಡಿಮೆ. ಅಕ್ಕಿಯನ್ನು ಹೆಚ್ಚು ಪಾಲಿಶ್ ಮಾಡಿದಷ್ಟೂ ಅದು ಮತ್ತಷ್ಟು ಕಡಿಮೆ. ಧಾನ್ಯದ ತೌಡಿನಲ್ಲಿರುವ ಫೈಟೇಟ್ ಎಂಬ ವಸ್ತುವು ಸತುವನ್ನೂ, ಊಟದೊಡನೆ ಕುಡಿಯುವ ಕಾಫಿ ಟೀಗಳು ಕಬ್ಬಿಣವನ್ನೂ ಹೀರಿಕೊಳ್ಳಲು ಬಿಡುವುದಿಲ್ಲ. ಮಾಂಸ, ಮೀನು, ಏಡಿಗಳಲ್ಲಿರುವ ಸತು ಹೆಚ್ಚು ಸುಲಭವಾಗಿ ದೇಹಗತವಾಗುತ್ತದೆ. ಹಂದಿಗೋಡಿನಲ್ಲಿ ಶಂಕೆಗೆ ಗುರಿಯಾದ ಏಡಿಯೇ ಬಡವರ ಊಟದಲ್ಲಿ ಸತುವಿನ ಒಂದು ಉತ್ತಮ ಮೂಲವಾಗಿದ್ದಿತೆಂಬುದು ಗಮನಾರ್ಹ.

ಮೂರನೆಯದಾಗಿ, ಒಳಗೆ ಬಂದ ಕಬ್ಬಿಣವು ಹೊರಗೆ ಹೋಗುವ ದಾರಿಯನ್ನು ನೋಡಬೇಕು. ನೆರಳೂ ತೇವವೂ ಇರುವ ಮಣ್ಣಿನಲ್ಲಿ ಕೊಕ್ಕೆಹುಳುವಿನ ಮರಿಗಳು ಬಹುಕಾಲ ಬದುಕುತ್ತವೆ. ಬರಿಗಾಲಿನಲ್ಲಿ ದುಡಿಯುವವರ ಪಾದದ ಚರ್ಮವನ್ನು ಕೊರೆದು ಒಳಹೊಕ್ಕು, ಕರುಳನ್ನು ಸೇರಿ ರಕ್ತವನ್ನು ಹೀರುತ್ತವೆ. ಆಂಕಿಲೋಸ್ಟೋಮ ಜಾತಿಯ ಒಂದು ಹುಳು ದಿನಕ್ಕೆ ಸುಮಾರು ೦.೨ ಮಿಲಿಲೀಟರಿನಷ್ಟು ರಕ್ತವನ್ನು ನಷ್ಟಪಡಿಸಬಲ್ಲುದು. ಅಡಕೆ ತೋಟ, ಭತ್ತದ ಗದ್ದೆಗಳ ಕೂಲಿ ಹೆಂಗಸಿನ ದೇಹದಲ್ಲಿ ಅಂತಹ ನೂರು ಹುಳುಗಳಿದ್ದರೆ ದಿನಕ್ಕೆ ೨೦ ಮಿಲಿಲೀಟರ್ ರಕ್ತ ಹೋದಂತಾಯಿತು. ಮೇಲಿಂದ ಮೇಲೆ ಹೆರಿಗೆ, ಹಿಂದಿನ ಕಾಲದ ಮಲೇರಿಯಾ ಇವುಗಳನ್ನೂ ಸೇರಿಸಿದರೆ ಕಬ್ಬಿಣದ ನೆಲದಲ್ಲಿ ರಕ್ತಹೀನತೆ ಏಕೆ ಬಂದಿತೆಂಬ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ಕೊರತೆಯು ಮಣ್ಣಿನದಲ್ಲ, ಊಟ, ಪಾದರಕ್ಷೆ, ಶೌಚಾಲಯ ಮತ್ತು ಕೂಲಿಗಳಿಗೆ ಸಂಬಂಧಿಸಿದುದು. ಇವು ನಾಲ್ಕೂ ಮನುಷ್ಯರ ವ್ಯವಸ್ಥೆಗೆ ಸೇರಿದ ವಿಷಯಗಳು.

೫. ತಾಯಿಯಿಂದ ಕೂಸಿಗೆ

ಗರ್ಭಸ್ಥ ಶಿಶುವು ಕಬ್ಬಿಣವನ್ನೂ ಸತುವನ್ನೂ ಬಹುಮಟ್ಟಿಗೆ ಕೊನೆಯ ಮೂರು ತಿಂಗಳುಗಳಲ್ಲಿ ಸಂಗ್ರಹಿಸುತ್ತದೆ. ಆದುದರಿಂದ ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸಿನಲ್ಲಿ ಇವುಗಳ ದಾಸ್ತಾನು ಕಡಿಮೆ. ತಾಯಿಯ ರಕ್ತಹೀನತೆಯು ಅಕಾಲ ಜನನಕ್ಕೂ ಕಡಿಮೆ ತೂಕಕ್ಕೂ ಸಂಬಂಧಪಟ್ಟಿದೆ. ಅಂತಹ ಕೂಸುಗಳಿಗೆ ನಂಜು ತಗಲುವುದೂ ಹೆಚ್ಚು. ಇಷ್ಟರಮಟ್ಟಿಗೆ ವಿವಾದವಿಲ್ಲ. ಆದರೆ ನಂಜು ತಗಲಿದ ಕೂಸಿನ ರಕ್ತದಲ್ಲಿ ಸತು ಕಡಿಮೆಯಿತ್ತು ಎಂಬ ಒಂದು ಸಂಗತಿಯಿಂದಲೇ ಸತುವಿನ ಕೊರತೆಯಿಂದ ನಂಜು ಬಂದಿತೆಂದು ಹೇಳಲಾಗದು. ಸೋಂಕು ತಗಲಿದಾಗ ದೇಹವು ತಾನಾಗಿಯೇ ಸತುವನ್ನೂ ಕಬ್ಬಿಣವನ್ನೂ ರಕ್ತದಿಂದ ಹಿಂದೆಗೆದು ಯಕೃತ್ತು ಮೊದಲಾದೆಡೆ ಅಡಗಿಸಿಡುತ್ತದೆ. ಕ್ರಿಮಿಗಳಿಗೂ ಬೆಳೆಯಲು ಇದೇ ಖನಿಜಗಳು ಬೇಕು. ಕೋಟೆಗೆ ಮುತ್ತಿಗೆ ಬಿದ್ದಾಗ ಒಳಗಿನವರು ಧಾನ್ಯವನ್ನು ಹಗೇವಿನಲ್ಲಿ ಮುಚ್ಚುವಂತೆ ದೇಹವೂ ಅವುಗಳನ್ನು ಮುಚ್ಚಿಡುತ್ತದೆ. ಹೀಗಿರುವಲ್ಲಿ ಕಡಿಮೆ ಪ್ರಮಾಣವು ರೋಗದ ಕಾರಣವೋ ಕಾರ್ಯವೋ ಎಂಬುದು ಒಂದು ರಕ್ತಪರೀಕ್ಷೆಯಿಂದ ತಿಳಿಯುವುದಿಲ್ಲ. ಕಾಂಗ್ರಾದಲ್ಲಿ ಮಾಡಿದಂತೆ ಕೊಟ್ಟು ನೋಡಬೇಕು. ಅಂತಹ ಪ್ರಯೋಗಗಳಲ್ಲಿ ಬಹಳ ಬೋಧಪ್ರದವಾದ ಎರಡು ಒಂದೇ ದೇಶದಲ್ಲಿ, ನ್ಯೂಜಿಲೆಂಡಿನಲ್ಲಿ, ನಡೆದಿವೆ.

ಅಲ್ಲಿ ಪಾಲಿನೇಷ್ಯನ್ ಮೂಲದ ನವಜಾತ ಶಿಶುಗಳಿಗೆ ರಕ್ತಹೀನತೆ ಬಾರದಿರಲೆಂಬ ಸದುದ್ದೇಶದಿಂದ ಕಬ್ಬಿಣದ ಚುಚ್ಚುಮದ್ದನ್ನು ಸ್ನಾಯುವಿಗೆ ಕೊಡುವ ಪದ್ಧತಿ ಇದ್ದಿತು. ಬ್ಯಾರಿ ಮತ್ತು ರೀವ್ ಎಂಬ ವೈದ್ಯರು ೧೯೭೭ರಲ್ಲಿ ಪ್ರಕಟಿಸಿದ ವರದಿಯಂತೆ, ಚುಚ್ಚುಮದ್ದನ್ನು ಕೊಡುತ್ತಿದ್ದಾಗ ಸಾವಿರ ಜನನಗಳಲ್ಲಿ ೧೭ರಷ್ಟಿದ್ದ ರಕ್ತನಂಜು, ಅದನ್ನು ನಿಲ್ಲಿಸಿದ ಬಳಿಕ ೨.೭ಕ್ಕೆ ಇಳಿಯಿತು. ಇ. ಕೋಲೈ ಎಂಬ ಕರುಳಿನ ಬ್ಯಾಕ್ಟೀರಿಯಾ ಮುಖ್ಯ ಅಪರಾಧಿಯಾಗಿದ್ದಿತು. ಹಗೇವಿನ ಬಾಯನ್ನು ನಾವೇ ತೆರೆದು ಶತ್ರುವಿಗೆ ಅನ್ನವಿಕ್ಕಿದಂತಾಗಿತ್ತು. ಅದೇ ದೇಶದ ಮಣ್ಣಿನಲ್ಲಿ ಸೆಲೆನಿಯಮ್ ಬಹಳ ಕಡಿಮೆ. ಅಲ್ಲಿ ೧,೫೦೦ ಗ್ರಾಮಿಗಿಂತ ಕಡಿಮೆ ತೂಕದ ೫೩೪ ಶಿಶುಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಿ, ಒಂದಕ್ಕೆ ಸೆಲೆನಿಯಮ್ ಕೊಟ್ಟ ಪ್ರಯೋಗದ ಫಲಿತಾಂಶವು ೨೦೦೦ದಲ್ಲಿ ಹೊರಬಿದ್ದಿತು. ಕೊಟ್ಟ ಗುಂಪಿನಲ್ಲಿ ಮೊದಲ ವಾರದ ನಂತರದ ನಂಜು ಕಡಿಮೆಯಾಗಿತ್ತು. ಒಂದು ಖನಿಜವು ನಂಜನ್ನು ಹೆಚ್ಚಿಸಿತು, ಮತ್ತೊಂದು ಕಡಿಮೆಮಾಡಿತು. ಖನಿಜವೆಂಬ ಒಂದೇ ಹೆಸರಿನ ಕೆಳಗೆ ಎಲ್ಲವನ್ನೂ ಸೇರಿಸಿ ಹೇಳುವ ಮಾತು ಎಷ್ಟು ಅಪಾಯಕರವೆಂಬುದು ಇದರಿಂದ ವಿದಿತವಾಗುತ್ತದೆ.

ಸತುವಿನ ವಿಷಯದಲ್ಲಿ ನಮ್ಮ ದೇಶದ ಕೆಲಸವೇ ಮುಖ್ಯವಾದುದು. ಮನುಷ್ಯನಿಗೆ ಸತು ಅವಶ್ಯಕವೆಂಬುದನ್ನು ಇರಾನ್ ಮತ್ತು ಈಜಿಪ್ಟುಗಳಲ್ಲಿ ೧೯೬೦ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟವರು ಬಿಹಾರದಲ್ಲಿ ಹುಟ್ಟಿದ ಆನಂದ ಪ್ರಸಾದರು. ದೆಹಲಿಯ ಆಸ್ಪತ್ರೆಗಳಲ್ಲಿ ೭ರಿಂದ ೧೨೦ ದಿನಗಳ ವಯಸ್ಸಿನ, ಗಂಭೀರ ಸೋಂಕಿನ ಲಕ್ಷಣಗಳಿದ್ದ ಶಿಶುಗಳಿಗೆ ಆಂಟಿಬಯಾಟಿಕ್ ಔಷಧದ ಜೊತೆಗೆ ದಿನಕ್ಕೆ ೧೦ ಮಿಲಿಗ್ರಾಮ್ ಸತುವನ್ನು ಕೊಟ್ಟ ಪ್ರಯೋಗವು ೨೦೧೨ರಲ್ಲಿ ಪ್ರಕಟವಾಯಿತು. ಚಿಕಿತ್ಸೆ ವಿಫಲವಾದುದು ಸತು ಪಡೆದವರಲ್ಲಿ ಶೇಕಡ ೧೦, ಹುಸಿಮದ್ದು ಪಡೆದವರಲ್ಲಿ ಶೇಕಡ ೧೭. ಫಲಿತಾಂಶವು ಉತ್ಸಾಹಜನಕವಾದುದೇ. ಆದರೆ ಮರುವರ್ಷ ನೇಪಾಳದಿಂದ ಪ್ರಕಟವಾದ ೬೧೪ ನವಜಾತ ಶಿಶುಗಳ ಪ್ರಯೋಗದಲ್ಲಿ ಸತುವಿನಿಂದ ಮರಣಸಂಖ್ಯೆ ಇಳಿಯಲಿಲ್ಲ. ವಯಸ್ಸು, ಪ್ರಮಾಣ, ರೋಗದ ತೀವ್ರತೆಗಳು ಬೇರೆಯಾದಂತೆ ಫಲವೂ ಬೇರೆಯಾಗುತ್ತದೆ. ಇಂಥಲ್ಲಿ ಸತುವು ಆಂಟಿಬಯಾಟಿಕ್ ಔಷಧಕ್ಕೆ ಸಹಾಯಕವಾಗಬಹುದೇ ಹೊರತು ಬದಲಾಗಲಾರದು.

ಕಬ್ಬಿಣದ ವಿಷಯದಲ್ಲಿ ಇನ್ನೊಂದು ಮಾತು. ಹಸುಗೂಸಿಗೆ ಚುಚ್ಚುಮದ್ದಿನಿಂದ ಕೇಡಾಯಿತೆಂದು ಗರ್ಭಿಣಿಯು ಕಬ್ಬಿಣದ ಮಾತ್ರೆಯನ್ನು ಬಿಡತಕ್ಕದ್ದಲ್ಲ. ೧೯೭೦ರಿಂದ ನಮ್ಮ ಸರ್ಕಾರದ ಕಾರ್ಯಕ್ರಮದಲ್ಲಿರುವ ಈ ಮಾತ್ರೆಯು ತಾಯಿಯ ರಕ್ತಹೀನತೆಗೆ ಸಿದ್ಧಪ್ರಮಾಣವಾದ ಚಿಕಿತ್ಸೆ. ಚರಕನೂ ಪಾಂಡುರೋಗಕ್ಕೆ ಲೋಹದ ಯೋಗಗಳನ್ನು ವಿಧಿಸಿದ್ದಾನೆ. ಕೂಸಿಗೆ ಕಬ್ಬಿಣವನ್ನು ಸಲ್ಲಿಸುವ ಸಹಜವಾದ ದಾರಿಯೂ ಒಂದಿದೆ: ಹುಟ್ಟಿದೊಡನೆ ಹೊಕ್ಕಳುಬಳ್ಳಿಯನ್ನು ಕತ್ತರಿಸದೆ ಒಂದರಿಂದ ಮೂರು ನಿಮಿಷ ತಡೆದರೆ ಮಾಸುವಿನಲ್ಲಿರುವ ಕೂಸಿನ ರಕ್ತವೇ ಕೂಸಿಗೆ ಸೇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯೂ ಈ ಕ್ರಮವನ್ನು ಶಿಫಾರಸು ಮಾಡಿದೆ.

೬. ಹೊಕ್ಕಳು ಮತ್ತು ಹಾಲು

ಕೂಸಿಗೆ ಲೋಹವನ್ನು ಕೊಟ್ಟು ಬಲಪಡಿಸಬೇಕೆಂಬ ಭಾವನೆ ನಮ್ಮಲ್ಲಿ ಹೊಸದಲ್ಲ. ಕಾಶ್ಯಪಸಂಹಿತೆಯು ಬಂಗಾರವನ್ನು ಕಲ್ಲಿನ ಮೇಲೆ ನೀರಿನಲ್ಲಿ ತೇದು, ಜೇನು ತುಪ್ಪಗಳೊಡನೆ ನೆಕ್ಕಿಸುವ ವಿಧಿಯನ್ನು ಹೇಳುತ್ತದೆ. ಬಜೆ, ಜಾಯಿಕಾಯಿಗಳನ್ನು ತೇದು ನೆಕ್ಕಿಸುವ ಅಜ್ಜಿಯರ ಪದ್ಧತಿಯೂ ಇದೇ ಭಾವನೆಯಿಂದ ಹುಟ್ಟಿದುದು. ಇವುಗಳ ಹಿಂದಿನ ವಾತ್ಸಲ್ಯವನ್ನು ನಾವು ಗೌರವಿಸುತ್ತೇವೆ. ಆದರೆ ತೇಯುವ ಕಲ್ಲು, ನೀರು, ಬೆರಳುಗಳಿಂದ ಕ್ರಿಮಿಗಳೂ ಒಳಗೆ ಹೋಗಬಹುದೆಂಬುದನ್ನು ಮರೆಯಲಾಗದು. ಮೊದಲ ಆರು ತಿಂಗಳು ತಾಯಿಯ ಹಾಲಲ್ಲದೆ ಬೇರೇನನ್ನೂ ಕೊಡಬಾರದೆಂಬುದು ಇಂದಿನ ವೈದ್ಯರ ಒಮ್ಮತ.

ಆ ಹಾಲಿನಲ್ಲಿಯೇ ಖನಿಜದ ಯುಕ್ತವಾದ ವ್ಯವಸ್ಥೆ ಇದೆ. ತಾಯಿಯ ಹಾಲಿನಲ್ಲಿ, ವಿಶೇಷವಾಗಿ ಮೊದಲ ದಿನಗಳ ಹಳದಿ ಹಾಲಿನಲ್ಲಿ, ಲ್ಯಾಕ್ಟೋಫೆರಿನ್ ಎಂಬ ಸಸಾರಜನಕ ವಸ್ತುವು ಹೇರಳವಾಗಿದೆ. ಅದು ಕಬ್ಬಿಣವನ್ನು ಹಿಡಿದಿಟ್ಟುಕೊಂಡು ಕ್ರಿಮಿಗಳಿಗೆ ದೊರೆಯದಂತೆ ಮಾಡುತ್ತದೆ. ಹಳದಿ ಹಾಲು ಕೆಟ್ಟದ್ದೆಂದು ಹಿಂಡಿ ಚೆಲ್ಲುತ್ತಿದ್ದ ಮನೆಗಳಲ್ಲಿ ಕೂಸಿಗೆ ಸಲ್ಲಬೇಕಾದ ಈ ರಕ್ಷಣೆಯು ನೆಲದ ಪಾಲಾಗುತ್ತಿತ್ತು. ಹಸುವಿನ ಹಾಲಿನಿಂದ ಅದೇ ವಸ್ತುವನ್ನು ತೆಗೆದು, ಬಹು ಬೇಗ ಹುಟ್ಟಿದ ೨,೨೦೩ ಶಿಶುಗಳ ಪೈಕಿ ಅರ್ಧದಷ್ಟಕ್ಕೆ ಕೊಟ್ಟು ಬ್ರಿಟನ್ನಿನಲ್ಲಿ ನಡೆಸಿದ ಪ್ರಯೋಗವು ನಂಜನ್ನು ತಗ್ಗಿಸಲಿಲ್ಲವೆಂದು ೨೦೧೯ರಲ್ಲಿ ವರದಿಯಾಯಿತು. ಹಾಲಿನಿಂದ ಒಂದು ಅಂಶವನ್ನು ಬೇರ್ಪಡಿಸಿ ಕೊಡುವುದೂ ಹಾಲನ್ನೇ ಕೊಡುವುದೂ ಒಂದೇ ಅಲ್ಲ.

ನವಜಾತರ ನಂಜಿನ ಇತಿಹಾಸದಲ್ಲಿ ದೊಡ್ಡ ಜಯಗಳು ಎಲ್ಲಿಂದ ಬಂದುವೆಂಬುದನ್ನು ಇಲ್ಲಿ ನೆನೆಯಬೇಕು. ಶುದ್ಧವಲ್ಲದ ಕತ್ತಿ ಕುಡುಗೋಲುಗಳಿಂದ ಹೊಕ್ಕಳುಬಳ್ಳಿಯನ್ನು ಕತ್ತರಿಸಿ, ಬೂದಿಯನ್ನೋ ಎಣ್ಣೆಯನ್ನೋ ಹಚ್ಚುತ್ತಿದ್ದ ಕಾಲದಲ್ಲಿ ಧನುರ್ವಾಯುವು ಕೂಸುಗಳನ್ನು ಮೊದಲ ಎರಡು ವಾರಗಳಲ್ಲಿಯೇ ಕೊಂಡೊಯ್ಯುತ್ತಿತ್ತು. ೧೯೮೦ರ ದಶಕದಲ್ಲಿಯೂ ಭಾರತದಲ್ಲಿ ವರ್ಷಕ್ಕೆ ಒಂದೂವರೆ ಲಕ್ಷಕ್ಕೆ ಕಡಿಮೆಯಿಲ್ಲದಷ್ಟು ಶಿಶುಗಳು ಅದರಿಂದ ಸಾಯುತ್ತಿದ್ದುವೆಂದು ಅಂದಾಜು. ಗರ್ಭಿಣಿಯರಿಗೆ ಚುಚ್ಚುಮದ್ದು, ಸೂಲಗಿತ್ತಿಯರಿಗೆ ಶುದ್ಧವಾದ ಕೈ, ಹಾಸು, ಬ್ಲೇಡು, ದಾರಗಳ ಶಿಕ್ಷಣ, ಆಸ್ಪತ್ರೆಯ ಹೆರಿಗೆ ಇವುಗಳಿಂದ ಅದು ಕ್ರಮೇಣ ಇಳಿದು, ಪ್ರತಿಯೊಂದು ಜಿಲ್ಲೆಯಲ್ಲಿಯೂ ಸಾವಿರ ಜನನಕ್ಕೆ ಒಂದಕ್ಕಿಂತ ಕಡಿಮೆಯಾಯಿತೆಂದು ೨೦೧೫ರಲ್ಲಿ ಅಧಿಕೃತವಾಗಿ ಘೋಷಿಸಲ್ಪಟ್ಟಿತು. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಅಭಯ ಬಂಗರೂ ಅವರ ಜೊತೆಗಾರರೂ ಹಳ್ಳಿಯ ಹೆಂಗಸರಿಗೇ ತರಬೇತು ಕೊಟ್ಟು, ಮನೆಯಲ್ಲಿಯೇ ನಂಜನ್ನು ಗುರುತಿಸಿ ಚಿಕಿತ್ಸೆ ಮಾಡಿಸಿದುದರಿಂದ ನವಜಾತರ ಮರಣವು ಮೂರನೆಯ ವರ್ಷದಲ್ಲಿ ಶೇಕಡ ೬೨ರಷ್ಟು ಇಳಿಯಿತೆಂದು ೧೯೯೯ರಲ್ಲಿ ವರದಿಮಾಡಿದರು. ಇಂದು ಆಶಾ ಕಾರ್ಯಕರ್ತೆಯರು ಹೆರಿಗೆಯಾದ ಮನೆಗಳಿಗೆ ೪೨ ದಿನಗಳ ಅವಧಿಯಲ್ಲಿ ಹಲವು ಬಾರಿ ಭೇಟಿ ಕೊಡುವ ಏರ್ಪಾಡಿಗೆ ಇದೇ ಮಾದರಿ. ಮಳೆಗಾಲದಲ್ಲಿ ಹಳ್ಳ ತುಂಬಿ ಕಾಲುಸಂಕದ ಮೇಲೆ ನಡೆಯಬೇಕಾದ ನಮ್ಮ ಮಲೆನಾಡಿನ ಒಂಟಿಮನೆಗಳಿಗೆ ಈ ಭೇಟಿಯ ಬೆಲೆ ಬಯಲುಸೀಮೆಗಿಂತ ಹೆಚ್ಚಿನದು. ಹಾಲನ್ನು ಬಿಟ್ಟ ಕೂಸು, ಮೈ ತಣ್ಣಗಾದ ಕೂಸು, ಉಸಿರು ಮೇಲೆಳೆಯುವ ಕೂಸು ಇವುಗಳಿಗೆ ಗಂಟೆಗಳ ಲೆಕ್ಕದಲ್ಲಿ ಆಸ್ಪತ್ರೆ ಬೇಕು.

೭. ಉಪಸಂಹಾರ

ಮೇಲೆ ನಿರೂಪಿಸಿದ ಸಂಗತಿಗಳಿಂದ ಮೂರು ತೀರ್ಮಾನಗಳು ಹೊರಡುತ್ತವೆ. ಒಂದು: ಸೂಕ್ಷ್ಮ ಖನಿಜಗಳಿಗೂ ನವಜಾತ ಶಿಶುವಿನ ಸೋಂಕಿಗೂ ಸಂಬಂಧವಿದೆ, ಆದರೆ ಅದು ಪ್ರತಿಯೊಂದು ಖನಿಜಕ್ಕೂ, ವಯಸ್ಸಿಗೂ, ಕೊಡುವ ದಾರಿಗೂ ಬೇರೆಯಾದುದು. ಎರಡು: ಒಂದು ಸೀಮೆಯ ಮಣ್ಣನ್ನು ನೋಡಿ ಅಲ್ಲಿಯ ತೊಟ್ಟಿಲಿನ ವಿಷಯವನ್ನು ಹೇಳಲಾಗದು, ಮಣ್ಣಿಗೂ ತೊಟ್ಟಿಲಿಗೂ ನಡುವೆ ಊಟ, ಹುಳು, ಕೂಲಿ, ಹೆರಿಗೆ, ಆಸ್ಪತ್ರೆಯ ದಾರಿ ಎಲ್ಲವೂ ಇವೆ. ಮೂರು: ಕೊಟ್ಟು ಹೋಲಿಸಿ ನೋಡಿದ ಪ್ರಮಾಣವಿಲ್ಲದೆ ಯಾವ ಖನಿಜವನ್ನೂ ಹಸುಗೂಸಿಗೆ ಕೊಡುವುದು ಸದುದ್ದೇಶದಿಂದಲೇ ಆದರೂ ಅನರ್ಥಕ್ಕೆ ಕಾರಣವಾಗಬಹುದು.

ಇದಲ್ಲದೆ ಇತಿಹಾಸದ ವಿದ್ಯಾರ್ಥಿಗಳು ಗಮನಿಸಬೇಕಾದ ಮತ್ತೊಂದು ವಿಷಯವಿದೆ. ಹಂದಿಗೋಡಿನಲ್ಲಿ ಕಾರಣ ತಿಳಿಯುವ ಮೊದಲೇ ಬಡವರ ತಟ್ಟೆಯ ಮೇಲೆ ಅಪವಾದ ಬಂದಿತು. ವಂಶದ ವಿಚಾರ ಹೊರಬಿದ್ದ ಮೇಲೆ ಅದೇ ಅಪವಾದವು ಅವರ ಕುಲದ ಕಡೆಗೆ ತಿರುಗುವ ಸಂಭವವಿದ್ದಿತು. ಅವರ ನೋವಿಗೆ ಮಾತ್ರ ಎರಡರಿಂದಲೂ ಉಪಶಮನವಾಗಲಿಲ್ಲ. ಹಸುಗೂಸನ್ನು ಕಳೆದುಕೊಂಡ ತಾಯಿಯನ್ನು ನೀನು ಏನು ತಿಂದೆ, ಏನು ತಿನ್ನಲಿಲ್ಲ ಎಂದು ಕೇಳುವ ಮೊದಲು, ಆಕೆಗೆ ಮಾತ್ರೆ ಸಿಕ್ಕಿತೇ, ಕಾಲಿಗೆ ಮೆಟ್ಟು ಇದ್ದಿತೇ, ಹೆರಿಗೆಯ ದಿನ ಹಳ್ಳ ದಾಟಲು ಸಂಕವಿದ್ದಿತೇ ಎಂದು ಕೇಳುವುದು ನ್ಯಾಯ. ಈ ಪ್ರಶ್ನೆಗಳಿಗೆ ಉತ್ತರವು ಪಂಚಾಯಿತಿಯ ಕಡತಗಳಲ್ಲಿ, ಆರೋಗ್ಯ ಕೇಂದ್ರದ ದಾಖಲೆ ಪುಸ್ತಕಗಳಲ್ಲಿ ಮತ್ತು ವೃದ್ಧ ಸೂಲಗಿತ್ತಿಯರ ನೆನಪಿನಲ್ಲಿ ದೊರೆಯತಕ್ಕದ್ದು. ಕೆಳದಿಯ ಶಾಸನಗಳನ್ನು ಸಂಗ್ರಹಿಸಿದಷ್ಟೇ ಆಸ್ಥೆಯಿಂದ ಅವುಗಳನ್ನೂ ಸಂಗ್ರಹಿಸುವ ಕಾರ್ಯಕ್ಕೆ ನಮ್ಮ ವಿದ್ಯಾರ್ಥಿಗಳು ಕೈಹಾಕಬೇಕೆಂಬುದು ನಮ್ಮ ವಿಜ್ಞಾಪನೆ.